ಹಿಮಸರೋವರದಿಂದ ಬೋನಾಳದ ಕೆರೆಗೆ

ಕಳೆದ ಮಾಗಿಯ ಒಂದು ಸಂಜೆ, ಪಾಠ ಮುಗಿದ ಮೇಲೆ, ವಿದ್ಯಾರ್ಥಿಯೊಬ್ಬನು ಒಂದು ಚಿತ್ರವನ್ನು ತಂದು ನನ್ನ ಮೇಜಿನ ಮೇಲಿಟ್ಟನು. ಕಾಶ್ಮೀರದ ಸೋನಮಾರ್ಗದಿಂದ ಹೊರಟು, ಕಣಿವೆಯಿಂದ ಕಣಿವೆಗೆ ದಾಟಿ, ವಿಷನಸರ, ಗಡಸರ, ಗಂಗಾಬಲ ಮೊದಲಾದ ಸರೋವರಗಳನ್ನು ಹಾದು ನಾರಾನಾಗಕ್ಕೆ ಇಳಿಯುವ ಪ್ರಸಿದ್ಧ ಕಾಲುದಾರಿಯ ಚಿತ್ರವದು. ಕಪ್ಪು ಶಿಖರಗಳ ನಡುವೆ ನೀಲಮಣಿಯನ್ನು ಕೂರಿಸಿದಂತೆ ನೀರು. "ನಮ್ಮ ಕಡೆ ಗುಡ್ಡ ಇಲ್ಲೇನ್ರಿ ಸರ? ಇಂಥಾ ಕೆರಿ ಯಾಕಿಲ್ಲ?" ಎಂದು ಅವನ ಪ್ರಶ್ನೆ.

ಸುರಪುರದಲ್ಲಿರುವವನು ಗುಡ್ಡವಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಊರೇ ಗುಡ್ಡಗಳ ಮಡಿಲಲ್ಲಿ ಕುಳಿತಿದೆ. ಎಷ್ಟೋ ಮನೆಗಳ ಹಿತ್ತಿಲಿನಲ್ಲಿಯೇ ಬಂಡೆ ಮೊದಲಾಗುತ್ತದೆ. ಕಪ್ಪುಹಲಗೆಯ ಮೇಲೆ ಉತ್ತರ ಬರೆಯುವುದಕ್ಕಿಂತ ಕಾಲಿನಿಂದ ಹೇಳುವುದು ಲೇಸೆನಿಸಿತು. ಜನವರಿಯ ಒಂದು ಭಾನುವಾರ ಹದಿನಾಲ್ಕು ಮಂದಿ ವಿದ್ಯಾರ್ಥಿಗಳೊಡನೆ ಬೋನಾಳದ ಕೆರೆಯವರೆಗೆ ನಡೆದು ಹೋಗುವುದೆಂದು ನಿಶ್ಚಯವಾಯಿತು. ನೆಟ್ಟಗೆ ರಸ್ತೆ ಹಿಡಿದರೆ ಹತ್ತು ಹನ್ನೆರಡು ಕಿಲೋಮೀಟರು. ನಾವಾದರೋ ಗುಡ್ಡಗಳನ್ನು ಬಳಸಿ, ವಾಗಣಗೇರಾದ ಕೋಟೆಯ ಗುಡ್ಡವನ್ನೂ ಹತ್ತಿ ಇಳಿದು ಹೋಗುವವರು. ಆದುದರಿಂದ ಇಡೀ ಹಗಲಿನ ದಾರಿ. "ನಿಮ್ಮ ಚಿತ್ರದ ಸೀಮೆಯಿಂದ ಬಂದ ಅತಿಥಿಗಳನ್ನು ಸಂಜೆ ತೋರಿಸುತ್ತೇನೆ" ಎಂದು ನಾನು ಮಾತು ಕೊಟ್ಟಿದ್ದೆ.

ದಾರಿ ತೋರಿಸಲು ಒಪ್ಪಿದವರು ಬೋನಾಳದ ಬಳಿ ಹೊಲವಿರುವ ರೈತರೊಬ್ಬರು. ಅರವತ್ತು ದಾಟಿದ ವಯಸ್ಸು. ಚಿಕ್ಕಂದಿನಲ್ಲಿ ಇದೇ ಗುಡ್ಡಗಳಲ್ಲಿ ಕುರಿ ಕಾಯ್ದವರಾದುದರಿಂದ ಕಲ್ಲುಕಲ್ಲಿನ ಗುರುತುಂಟು. ಅವರು ಹಾಕಿದ ಷರತ್ತು ಒಂದೇ: "ಹೊತ್ತು ಮುಣಗೂದ್ರೊಳಗ ಕೆರಿ ಮುಟ್ಟಬೇಕು ನೋಡ್ರಿ. ಇಲ್ಲಂದ್ರ ಹಕ್ಕಿ ಎದ್ದು ಹೋಗ್ತಾವ." ಎಲ್ಲಿಗೆ ಎದ್ದು ಹೋಗುತ್ತವೆಂದು ನಾನಾಗ ಕೇಳಲಿಲ್ಲ.

ಬೆಳಗಿನ ಆರು ಗಂಟೆಗೆ ಹೊರಟೆವು. ಮೈ ನಡುಗಿಸುವಷ್ಟು ಚಳಿ. ಏರುದಾರಿ ಬೇಗನೆ ಅದನ್ನು ಕಳೆಯಿತು. ಮೊದಲ ಗುಡ್ಡದ ನೆತ್ತಿಯಲ್ಲಿ ಕುಳಿತು ಉಸಿರು ತಿರುಗಿಸಿಕೊಳ್ಳುವಾಗ ಚಿತ್ರದ ಮಾತು ಮತ್ತೆ ಬಂದಿತು.

ಹಿಮಸರೋವರವನ್ನು ಕೆತ್ತುವುದು ಮಂಜುಗಡ್ಡೆ. ಎತ್ತರದ ಪರ್ವತದ ತಗ್ಗೊಂದರಲ್ಲಿ ವರ್ಷದಿಂದ ವರ್ಷಕ್ಕೆ ಬಿದ್ದ ಹಿಮ ಕರಗದೆ ಉಳಿದು, ಮೇಲಿನ ಪದರಗಳ ಭಾರಕ್ಕೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಸಾಕಷ್ಟು ದಪ್ಪನಾದ ಮಂಜುಗಡ್ಡೆ ಕಲ್ಲಿನಂತೆ ಸುಮ್ಮನೆ ಬಿದ್ದಿರುವುದಿಲ್ಲ. ತನ್ನ ಭಾರಕ್ಕೆ ತಾನೇ ಬಾಗಿ, ಹಳೆಯ ಬೆಲ್ಲದ ಪಾಕದಂತೆ ಅತಿಮಂದವಾಗಿ ಹರಿಯುತ್ತದೆ. ಹರಿಯುವಾಗ ತಳದ ಕಲ್ಲುಗಳನ್ನು ಕಚ್ಚಿ ಹಿಡಿದು, ಬಡಗಿಯ ಉಜ್ಜುಗೊರಡಿನಂತೆ ನೆಲವನ್ನು ಹೆರೆಯುತ್ತದೆ. ಸಾವಿರಾರು ವರ್ಷ ಹೀಗೆ ಹೆರೆದರೆ ಬಂಡೆಯಲ್ಲೊಂದು ಬಟ್ಟಲು; ಹೆರೆದ ಕಲ್ಲುಪುಡಿಯ ರಾಶಿ ಎಷ್ಟೋ ಕಡೆ ಅದರ ತುಟಿಯಲ್ಲಿ ಒಡ್ಡಾಗಿ ನಿಲ್ಲುತ್ತದೆ. ಹಿಮಯುಗ ತೀರಿ ಮಂಜು ಹಿಂದೆ ಸರಿದಾಗ ಬಟ್ಟಲಲ್ಲಿ ನೀರು ಉಳಿಯಿತು. ಮೇಲೆ ಇನ್ನೂ ಹಿಮನದಿ ಇರುವಲ್ಲಿ ಅದು ಅರೆದ ಕಲ್ಲಿನ ಹಿಟ್ಟು ನೀರಿನಲ್ಲಿ ತೇಲುತ್ತದೆ. ಕೆಂಪು ಬೆಳಕನ್ನು ನೀರು ತಾನೇ ಹೀರಿಕೊಳ್ಳುತ್ತದೆ, ಉಳಿದ ನೀಲಿ ಹಸಿರನ್ನು ಆ ಹಿಟ್ಟಿನ ಕಣಗಳು ಚೆದರಿಸಿ ನಮ್ಮ ಕಣ್ಣಿಗೆ ಮರಳಿಸುತ್ತವೆ. ಚಿತ್ರದ ಬಣ್ಣ ಛಾಯಾಗ್ರಾಹಕನ ಚಮತ್ಕಾರವೆಂದು ನಮ್ಮ ಹುಡುಗರು ಸಂದೇಹಿಸಿದ್ದರು, ಹಾಗೇನೂ ಅಲ್ಲ.

ಸುಮಾರು 20,000 ವರ್ಷಗಳ ಹಿಂದೆ ಹಿಮ ಅತ್ಯಂತ ವ್ಯಾಪಕವಾಗಿದ್ದ ಕಾಲದಲ್ಲಿಯೂ ಅದು ದಖ್ಖನ್ನಿನ ಕಡೆ ಹಾಯಲಿಲ್ಲ. ನಮ್ಮ ಬಂಡೆಗೆ ಆ ಉಳಿಯೇ ತಾಕಲಿಲ್ಲ. ಹಾಗಾದರೆ ಇವನ್ನು ಹೀಗೆ ಗುಂಡುಗುಂಡಾಗಿ ಕಡೆದವರಾರು?

ಸುರಪುರದ ಗುಡ್ಡಗಳನ್ನು ಕಂಡವರಿಗೆಲ್ಲ ಮೊದಲು ಹೊಳೆಯುವುದು ಯಾವನೋ ರಾಕ್ಷಸ ಬಂಡೆಗಳನ್ನು ಒಂದರ ಮೇಲೊಂದು ಒಟ್ಟಿ ಹೋದನೆಂಬ ಭಾವನೆ. ಆನೆಗಾತ್ರದ ಗುಂಡೊಂದು ಅಂಗೈಯಗಲದ ಆಧಾರದ ಮೇಲೆ ನಿಂತಿರುತ್ತದೆ. ಅದು ಎಲ್ಲಿಂದಲೋ ಉರುಳಿ ಬಂದುದಲ್ಲ, ಇದ್ದಲ್ಲಿಯೇ ಉಳಿದದ್ದು. ಈ ಕಣಶಿಲೆ, ಅಂದರೆ ಗ್ರಾನೈಟು, ನೆಲದಾಳದಲ್ಲಿ ದ್ರವವಾಗಿದ್ದು ತಣಿದು ಗಟ್ಟಿಯಾದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಹಿಮಾಲಯ ಏಳತೊಡಗಿ ಐದು ಕೋಟಿ ವರ್ಷಗಳಷ್ಟೆ ಆಗಿರಬಹುದು. ನಮ್ಮ ಗುಡ್ಡದ ಕಣ್ಣಿಗೆ ಅದು ನಿನ್ನೆ ಹುಟ್ಟಿದ ಕೂಸು. ಮೇಲಿನ ನೆಲ ಸವೆದು ಭಾರ ಇಳಿದಂತೆ ಈ ಶಿಲೆ ಉಬ್ಬಿ, ಅಡ್ಡಡ್ಡ ಉದ್ದುದ್ದ ಬಿರಿಯಿತು. ಬಿರುಕಿಗೆ ಇಳಿದ ಮಳೆನೀರು ಶಿಲೆಯೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ಮೆಲ್ಲಗೆ ಜೇಡಿಯನ್ನಾಗಿ ಮಾಡಿತು. ಚೌಕವಾದ ಕಲ್ಲಿನ ಮುಖಕ್ಕೆ ನೀರು ಒಂದೇ ಕಡೆಯಿಂದ ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಆದುದರಿಂದ ಮೂಲೆ ಮೊದಲು ಕರಗುತ್ತದೆ, ಚೌಕ ಗುಂಡಾಗುತ್ತದೆ. ಸಕ್ಕರೆಯ ಅಚ್ಚೊಂದನ್ನು ಬಾಯಲ್ಲಿಟ್ಟು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಷ್ಟೆಲ್ಲ ನಡೆಯುವುದು ಮಣ್ಣಿನೊಳಗೆ. ಕೊನೆಗೆ ಜೇಡಿ ತೊಳೆದು ಹೋಗಿ ಗುಂಡು ಮಾತ್ರ ಬಯಲಾಗುತ್ತದೆ. ಶಹಾಪುರದ ಬಳಿ ಗುಡ್ಡಗಳ ಸಾಲೊಂದು ಮಲಗಿದ ಬುದ್ಧನಂತೆ ಕಾಣುವುದಷ್ಟೆ. ಆ ಹಣೆ, ಮೂಗು, ಎದೆಗಳನ್ನು ತಿದ್ದಿದ ಶಿಲ್ಪಿಯೂ ಇದೇ ನೀರು.

ಹತ್ತು ಗಂಟೆಯ ಸುಮಾರಿಗೆ ಮಾರ್ಗದರ್ಶಿಗಳು ನಮ್ಮನ್ನು ಒಂದು ದೊಣೆಯ ಬಳಿಗೆ ಕರೆದೊಯ್ದರು. ಹಾಸುಬಂಡೆಯ ಮೇಲೆ ಮಂಚದಗಲದ ಕುಳಿ. ಅದರಲ್ಲಿ ಮೊಣಕಾಲುದ್ದ ನೀರು. ಸುತ್ತಲ ಹುಲ್ಲೆಲ್ಲ ಒಣಗಿ ಹಳದಿಯಾಗಿರುವಾಗ ಆ ಹಿಡಿ ನೀರನ್ನು ಕಂಡು ಹುಡುಗರು ಹಿಗ್ಗಿದರು. ಸುರಪುರ ಸೀಮೆಯಲ್ಲಿ ಪ್ರಕೃತಿ ತಾನಾಗಿ ಮಾಡಿದ ಬೆಟ್ಟಸರೋವರವೆಂದರೆ ಇದೇ, ಇಷ್ಟೇ. ಮಂಜಿನ ಉಳಿಯ ಬದಲು ಇಲ್ಲಿ ನಿಂತ ನೀರೇ ತನ್ನ ಪಾತ್ರೆಯನ್ನು ತಾನು ಕೊರೆದುಕೊಂಡಿದೆ: ತಗ್ಗಿನಲ್ಲಿ ನಿಂತಷ್ಟು ಹೊತ್ತೂ ಕಲ್ಲನ್ನು ಸಡಿಲಿಸುತ್ತ, ಹೆಚ್ಚು ಸಡಿಲಿಸಿದಷ್ಟೂ ಹೆಚ್ಚು ಹೊತ್ತು ನಿಲ್ಲುತ್ತ. ಮಾರ್ಗದರ್ಶಿಗಳು ಕೋಲನ್ನು ಇಳಿಬಿಟ್ಟು ತೋರಿಸಿದರು. ಮಳೆಗಾಲದಲ್ಲಿ ತೊಡೆಯುದ್ದ, ಸಂಕ್ರಾಂತಿಗೆ ಇಷ್ಟು, ಹೋಳಿ ಹುಣ್ಣಿಮೆಗೆ ಕುರಿಯ ನಾಲಗೆ ನೆನೆಯುವಷ್ಟೂ ಇಲ್ಲ.

ಹೋದ ನೀರು ಎಲ್ಲಿಗೆ ಹೋಯಿತು? ಬಂಡೆ ಹೀರುವುದಿಲ್ಲ. ಬಿಸಿಲು ಕುಡಿಯಿತು. ಒಂದು ಲೀಟರು ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲುಗಳಷ್ಟು ಶಕ್ತಿ ಬೇಕು. ನಮ್ಮ ಸೂರ್ಯನಿಗೆ ಅದು ಲೆಕ್ಕವಲ್ಲ. ಈ ಒಣ ಬಯಲುಸೀಮೆಯಲ್ಲಿ ತೆರೆದ ನೀರಿನ ಮಟ್ಟ ಆವಿಯಿಂದಲೇ ವರ್ಷಕ್ಕೆ ಒಂದೂವರೆಯಿಂದ ಎರಡು ಮೀಟರು ಇಳಿಯುತ್ತದೆ. ಆಕಾಶದಿಂದ ಬೀಳುವುದೋ ವರ್ಷಕ್ಕೆ ಆರೇಳು ನೂರು ಮಿಲಿಮೀಟರು. ಬರುವುದಕ್ಕಿಂತ ಹೋಗುವುದು ಎರಡು ಮೂರು ಪಟ್ಟು. ಗಂಗಾಬಲದಂಥ ಬಟ್ಟಲನ್ನೇ ಎತ್ತಿ ತಂದು ಇಲ್ಲಿಟ್ಟರೂ, ಅದರ ಮೇಲೆ ಬಿದ್ದ ಮಳೆಯೊಂದನ್ನೇ ನಂಬಿದರೆ ಅದು ಒಣಗಿಹೋಗುತ್ತದೆ. ಅಲ್ಲಿ ಗಾಳಿ ತಂಪು, ಆವಿ ಕಡಿಮೆ, ಮೇಲಣ ಹಿಮ ಬೇಸಗೆಯುದ್ದಕ್ಕೂ ಕಂತುಕಂತಾಗಿ ಕರಗಿ ನೀರೂಡುತ್ತದೆ. ನಮಗೆ ಮಳೆಯೆಂದರೆ ನಾಲ್ಕು ತಿಂಗಳ ಕೆಲವು ಜಡಿಮಳೆಗಳು, ಆಮೇಲೆ ಬರಿಯ ಬಿಸಿಲು. ಇಲ್ಲಿ ನೀರು ನಿಲ್ಲಬೇಕಾದರೆ ಅದು ಬೇರೆಡೆ ಬಿದ್ದು, ಇಲ್ಲಿಗೆ ಓಡಿ ಬಂದು, ಆಳವಾದ ಕಡೆ ಕೂಡಿಕೊಳ್ಳಬೇಕು. ಈ ವಿಷಯದಲ್ಲಿ ಬೋಳುಬಂಡೆಗಿಂತ ಉಪಕಾರಿ ಬೇರೊಂದಿಲ್ಲ. ಒಂದು ಹೆಕ್ಟೇರು ಬಂಡೆಯ ಮೇಲೆ ಒಂದು ಸೆಂಟಿಮೀಟರು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರು. ಬಂಡೆ ಅದರಲ್ಲಿ ಅಲ್ಪಸ್ವಲ್ಪವನ್ನಷ್ಟೆ ಉಳಿಸಿಕೊಂಡು ಉಳಿದುದನ್ನು ಕೆಳಕ್ಕೆ ದಾಟಿಸುತ್ತದೆ. ಗುಡ್ಡದ ಬೋಳುತನವನ್ನು ನಾವು ಶಾಪವೆಂದು ಹಳಿಯುತ್ತೇವೆ. ಕೆಳಗೆ ಕೆರೆ ಕಟ್ಟಿದವನು ಹಾಗೆ ಎಣಿಸಿರಲಾರನು.

ವಾಗಣಗೇರಾ ತಲುಪುವಾಗ ಮಧ್ಯಾಹ್ನ. ಸುರಪುರಕ್ಕೆ ಮೊದಲು ನಾಯಕ ಅರಸರ ನೆಲೆಯಾಗಿದ್ದ ಗುಡ್ಡವಿದು. 1705ರಲ್ಲಿ ಔರಂಗಜೇಬನೇ ಸ್ವತಃ ಬಂದು ಮುತ್ತಿಗೆ ಹಾಕಿ ಇದನ್ನು ಹಿಡಿದನು. ಅವನು ಮುಂದೆ ನಿಂತು ನಡೆಸಿದ ಕೊನೆಯ ದೊಡ್ಡ ಮುತ್ತಿಗೆ ಅದು. ಗೋಡೆಗಳು ಜರಿದಿವೆ. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಮುಗಿಸಿ, ಅಲ್ಲಿಯೇ ಒಂದು ಪ್ರಯೋಗ ಮಾಡಬೇಕೆಂದು ನಾನು ಸೀಮೆಎಣ್ಣೆಯ ಒಲೆಯನ್ನೂ ಉಷ್ಣಮಾಪಕವನ್ನೂ ಹೊರಿಸಿಕೊಂಡು ಬಂದಿದ್ದೆ.

ನೀರು 100 ಅಂಶದಲ್ಲಿ ಕುದಿಯುತ್ತದೆಂದು ಪುಸ್ತಕ ಹೇಳುತ್ತದೆ. ಸಮುದ್ರಮಟ್ಟದಲ್ಲಿ ಎಂಬ ಮಾತನ್ನು ವಿದ್ಯಾರ್ಥಿಗಳು ಬಿಟ್ಟು ಓದುತ್ತಾರೆ. ಮೇಲೇರಿದಂತೆ ಗಾಳಿಯ ಒತ್ತಡ ತಗ್ಗುವುದರಿಂದ ನೀರಿನ ಆವಿಗೆ ಹೊರನುಗ್ಗುವುದು ಸುಲಭವಾಗುತ್ತದೆ. ಸುಮಾರು 300 ಮೀಟರಿಗೆ ಒಂದು ಅಂಶದಂತೆ ಕುದಿಬಿಂದು ಇಳಿಯುತ್ತದೆ. ಗಾಳಿ ಒಲೆಯನ್ನು ಎರಡು ಸಲ ಆರಿಸಿತು. ಮೂರನೆಯ ಸಲ ನೀರು ಕುದಿದಾಗ ಓದಿದವನು ಮಾಪಕದ ಗುಂಡನ್ನು ಪಾತ್ರೆಯ ತಳಕ್ಕೆ ತಾಗಿಸಿ 101 ಎಂದು ಕೂಗಿದನು. ಮತ್ತೆ ನೀರು, ಮತ್ತೆ ಒಲೆ. ಕೊನೆಗೆ 98ಕ್ಕೂ 98.5ಕ್ಕೂ ನಡುವೆ ಬಂದು ನಿಂತಿತು. ಸುಮಾರು ಐನೂರು ಮೀಟರು ಎತ್ತರದ ಗುಡ್ಡಕ್ಕೆ ತಕ್ಕ ಉತ್ತರವೇ. ಗಂಗಾಬಲದ ದಂಡೆಯಲ್ಲಿ, ಅಂದರೆ ಸುಮಾರು 3,600 ಮೀಟರಿನಲ್ಲಿ, ಅದು 88ರ ಆಸುಪಾಸು ಇದ್ದೀತು; ಲದಾಖಿನ ತ್ಸೊ ಮೊರಿರಿ ಸರೋವರದ ದಂಡೆಯಲ್ಲಿ, 4,500 ಮೀಟರಿನಲ್ಲಿ, 85ರ ಹತ್ತಿರ. ಅಲ್ಲಿ ಬೇಳೆ ಬೇಯುವುದಕ್ಕೆ ತಾಳ್ಮೆ ಬೇಕು. ವಾಯುಭಾರ ಸಮುದ್ರಮಟ್ಟದ ನೂರಕ್ಕೆ ಐವತ್ತೇಳರಷ್ಟೆ. ನೀರು ಕುದಿಯುವುದಿರಲಿ, ಮನುಷ್ಯ ಉಸಿರಾಡುವುದೂ ಅದರಲ್ಲಿಯೇ.

ಪ್ರಯೋಗ ಸಫಲವಾಯಿತೆಂದು ನಾನು ಹಿಗ್ಗುತ್ತಿದ್ದಾಗ ಮಾರ್ಗದರ್ಶಿಗಳು ಒಂದು ಬಂಡೆಯ ನೆರಳನ್ನು ಕೋಲಿನಿಂದ ತೋರಿಸಿದರು. ನಾವು ಕುಳಿತಾಗ ಬುಡದಲ್ಲಿದ್ದ ನೆರಳು ಈಗ ಮೂರು ಮಾರು ಚಾಚಿತ್ತು. ಗಡಿಯಾರ ನೋಡಿದೆ, ಒಲೆಯ ಮುಂದೆ ಒಂದೂವರೆ ಗಂಟೆ ಹೋಗಿತ್ತು. "ನಿಮ್ಮ ನೀರು ಕುದಿತು. ಈಗರೆ ನಡೀರಿ" ಎಂದಷ್ಟೆ ಅಂದು ಅವರು ಹೊರಟರು. ಆಮೇಲಿನ ದಾರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಓಡಿದೆವು ಎಂದರೂ ತಪ್ಪಾಗದು. ಒಬ್ಬನ ಚಪ್ಪಲಿಯ ಉಂಗುಟ ಕಿತ್ತಿತು. ಮಾರ್ಗದರ್ಶಿಗಳು ಕತ್ತಾಳೆಯ ನಾರಿನಿಂದ ಬಿಗಿದು ಕೊಟ್ಟರು. ಕೊಟ್ಟ ಮಾತು ನನ್ನ ಕೈಯಿಂದಲೇ ತಪ್ಪಿ ಹೋಗುತ್ತದೆಂಬ ಅಳುಕಿನಿಂದ ನಾನು ಬಾಯಿ ಮುಚ್ಚಿ ನಡೆದೆ.

ಕೆರೆಯ ಏರಿ ಹತ್ತಿದಾಗ ಸೂರ್ಯ ದಿಗಂತದಿಂದ ಒಂದು ಗೇಣು ಮೇಲಿದ್ದನು.

ಬೋನಾಳದ ಕೆರೆಯನ್ನು ಸುರಪುರದ ನಾಯಕ ಅರಸರು 17ನೆಯ ಶತಮಾನದಲ್ಲಿ ಕಟ್ಟಿಸಿದರೆಂದು ಪ್ರತೀತಿ. 1840ರ ದಶಕದಲ್ಲಿ ಇಲ್ಲಿ ಆಡಳಿತದ ಹೊಣೆ ಹೊತ್ತಿದ್ದ ಮೆಡೋಸ್ ಟೇಲರ್ ಅದನ್ನು ವಿಸ್ತರಿಸಿದನು. ಸುರಪುರದ ಗುಡ್ಡದ ಮೇಲೆ ಇಂದಿಗೂ ನಿಂತಿರುವ ಟೇಲರ್ ಮಂಜಿಲ್ ಅವನದೇ ಮನೆ. 1877ರಲ್ಲಿ, ಅವನು ತೀರಿದ ಮರುವರ್ಷ, ಪ್ರಕಟವಾದ ಆತ್ಮಕಥೆಯಲ್ಲಿ ಈ ಕೆರೆಯ ಮಾತನ್ನೂ ಅವನು ಆಡಿದ್ದಾನೆ. ಕಟ್ಟಿದವರು ಯಾರೇ ಆಗಲಿ, ಕೆರೆ ಕಟ್ಟುವವನ ಜಾಣ್ಮೆ ಇರುವುದು ಸ್ಥಳದ ಆಯ್ಕೆಯಲ್ಲಿ. ನೀರು ಹರಿದು ಬರುವ ಸೀಮೆ ವಿಶಾಲವಾಗಿರಬೇಕು, ಹೊರಹೋಗುವ ಬಾಗಿಲು ಕಿರಿದಾಗಿರಬೇಕು. ಆ ಬಾಗಿಲಿಗೆ ಮಣ್ಣಿನ ಅಗುಳಿ ಹಾಕಿದರೆ ಸಾಕು. ಹಿಮನದಿ ತನ್ನ ಬಟ್ಟಲಿನ ತುಟಿಗೆ ಕಲ್ಲುಪುಡಿಯನ್ನು ಒಟ್ಟಿ ಮಾಡಿದ ಕೆಲಸವನ್ನೇ ಇಲ್ಲಿ ಒಡ್ಡರು ಬುಟ್ಟಿಯಲ್ಲಿ ಮಣ್ಣು ಹೊತ್ತು ಮಾಡಿದರು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಬಂಡೆಯ ಬಟ್ಟಲು ಹೂಳಿನಿಂದ ತುಂಬಲು ಸಾವಿರಾರು ವರ್ಷ ತೆಗೆದುಕೊಳ್ಳುತ್ತದೆ. ಎರೆಮಣ್ಣಿನ ನಾಡಿನ ಕೆರೆಗೆ ಪ್ರತಿ ಮಳೆಯೂ ಒಂದು ಪದರ ಹೂಳು ತರುತ್ತದೆ. ಆಳ ಕಡಿಮೆಯಾದಷ್ಟೂ ಅದೇ ನೀರು ಹೆಚ್ಚು ಅಗಲಕ್ಕೆ ಹರಡಿ, ಬಿಸಿಲಿಗೆ ಹೆಚ್ಚು ಸೋರಿಹೋಗುತ್ತದೆ. ಕೋಡಿ, ಏರಿ, ಹೂಳುಗಳನ್ನು ನೋಡಿಕೊಳ್ಳುವವರಿಲ್ಲದ ಕೆರೆಗೆ ಹೆಚ್ಚು ತಲೆಮಾರುಗಳ ಆಯುಷ್ಯವಿಲ್ಲ.

ಆದರೆ ಆ ಹೊತ್ತಿಗೆ ಕೆರೆಯನ್ನು ಯಾರೂ ನೋಡುತ್ತಿರಲಿಲ್ಲ. ಆಚೆ ದಡದ ಕೆಸರಿನಂಚಿನಲ್ಲಿ ಬೂದುಬಣ್ಣದ ದೊಡ್ಡ ಹಕ್ಕಿಗಳ ಹಿಂಡೊಂದು ಕುಳಿತಿತ್ತು. ದುರ್ಬೀನು ಕೈಯಿಂದ ಕೈಗೆ ಹೋಯಿತು. ಬಿಳಿಯ ತಲೆ, ಅದರ ಹಿಂಬದಿಗೆ ಅಡ್ಡಲಾಗಿ ಎರಡು ಕಪ್ಪು ಪಟ್ಟೆ. ಪಟ್ಟೆತಲೆ ಹೆಬ್ಬಾತು! ಎರಡು ಮೂರು ಕಿಲೋಗ್ರಾಮು ತೂಗುವ ಈ ಹಕ್ಕಿ ಮರಿ ಮಾಡುವುದು ಲದಾಖ್, ಟಿಬೆಟ್ಟು, ಮಂಗೋಲಿಯಾಗಳ ಎತ್ತರದ ಸರೋವರಗಳಲ್ಲಿ. ನಾನು ಹೇಳಿದ ತ್ಸೊ ಮೊರಿರಿಯೂ ಅಂಥ ಒಂದು ತವರು. ಚಿತ್ರದ ಕಾಶ್ಮೀರದ ಸರೋವರಗಳಿಗಿಂತಲೂ ಅವು ಆಚೆಯವು, ಬಹುಪಾಲು ಎತ್ತರದವು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡುಬಂದದ್ದುಂಟು. ಗದಗ ಜಿಲ್ಲೆಯ ಮಾಗಡಿ ಕೆರೆ ಈ ಹಕ್ಕಿಗಳಿಂದಲೇ ಹೆಸರಾದದ್ದು.

ಅವು ಅಲ್ಲಿಂದ ಏಕೆ ಹೊರಡಬೇಕು? ನೀರಿನ ಒಂದು ವಿಚಿತ್ರ ಗುಣ ಅದಕ್ಕೆ ಕಾರಣ. ತಣಿಯುವ ನೀರು 4 ಅಂಶದವರೆಗೆ ಭಾರವಾಗುತ್ತ ತಳಕ್ಕಿಳಿಯುತ್ತದೆ. ಇನ್ನೂ ತಣಿದರೆ ಹಗುರಾಗಿ ಮೇಲೆಯೇ ನಿಂತು ಹೆಪ್ಪುಗಟ್ಟುತ್ತದೆ. ಮೇಲೆ ಮಂಜಿನ ಮುಚ್ಚಳ, ತಳದಲ್ಲಿ 4 ಅಂಶದ ನೀರು. ಮೀನು ಮುಚ್ಚಳದ ಕೆಳಗೆ ಬದುಕಿಕೊಳ್ಳುತ್ತದೆ. ಹೆಬ್ಬಾತಿಗೆ ನೀರಿನ ಬಾಗಿಲೂ ಮುಚ್ಚಿತು, ಹಿಮ ಮುಸುಕಿ ಹುಲ್ಲಿನ ಬಾಗಿಲೂ ಮುಚ್ಚಿತು. ಬೋನಾಳದ ನೀರು 4 ಅಂಶವನ್ನು ಕನಸಿನಲ್ಲಿಯೂ ಕಂಡಿಲ್ಲ.

ನಡುವೆ ಇರುವುದು ಹಿಮಾಲಯ. ಅದನ್ನು ದಾಟುವ ಲೆಕ್ಕವನ್ನು ಏರಿಯ ಮೇಲೆಯೇ ಹಾಕಿದೆವು. ರೆಕ್ಕೆಯ ಎತ್ತುಬಲ ಗಾಳಿಯ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. 7,000 ಮೀಟರಿನಲ್ಲಿ ಸಾಂದ್ರತೆ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಕಡಿಮೆ. ಅಷ್ಟೇ ಭಾರ ಹೊರಬೇಕಾದರೆ ವೇಗ ಸುಮಾರು 1.4 ಪಟ್ಟು ಹೆಚ್ಚಬೇಕು. ಹಾರಾಟದ ಖರ್ಚೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. ಪ್ರತಿ ಉಸಿರಿಗೆ ಸಿಕ್ಕುವ ಆಮ್ಲಜನಕವೋ ಅರ್ಧಕ್ಕಿಂತ ಕಡಿಮೆ. ಖರ್ಚು ಏರಿತು, ಆದಾಯ ಇಳಿಯಿತು. ಹೆಬ್ಬಾತು ಈ ಸಂಸಾರವನ್ನು ತೂಗಿಸುವ ಬಗೆಯನ್ನು ವಿಜ್ಞಾನಿಗಳು ಅದರ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಯಂತ್ರ ಕಟ್ಟಿ ಅರಿತರು. 2011ರಲ್ಲಿ ಪ್ರಕಟವಾದ ಅಧ್ಯಯನದಂತೆ ಭಾರತದ ಕಡೆಯಿಂದ ಪರ್ವತವನ್ನು ಏರುವ ಕೆಲಸವನ್ನು ಅವು ಏಳೆಂಟು ಗಂಟೆಗಳಲ್ಲಿ, ಒಂದೇ ಪಟ್ಟಿನಲ್ಲಿ ಮುಗಿಸುತ್ತವೆ. ಹಗಲು ಕಣಿವೆಯಿಂದ ಮೇಲಕ್ಕೆ ಬೀಸುವ ಗಾಳಿಯ ಸಹಾಯಕ್ಕೆ ಕಾಯದೆ, ರಾತ್ರಿ ಮತ್ತು ನಸುಕಿನಲ್ಲಿ ಹಾರುತ್ತವೆ. ತಂಪು ಗಾಳಿ ಹೆಚ್ಚು ಸಾಂದ್ರ; ಉಷ್ಣಮಾನ 15 ಅಂಶ ಇಳಿದರೆ ಸಾಂದ್ರತೆ ನೂರಕ್ಕೆ ಐದರಷ್ಟು ಏರುತ್ತದೆ. ರೆಕ್ಕೆಗೂ ಲಾಭ, ಉಸಿರಿಗೂ ಲಾಭ. 2015ರಲ್ಲಿ ಬಂದ ಇನ್ನೊಂದು ಅಧ್ಯಯನ ಹೃದಯದ ಬಡಿತವನ್ನೂ ಅಳೆದು ತೋರಿಸಿತು: ಅವು ಒಮ್ಮೆ ಗಳಿಸಿದ ಎತ್ತರಕ್ಕೆ ಅಂಟಿಕೊಂಡು ಹಾರುವುದಿಲ್ಲ, ನೆಲದೊಡನೆಯೇ ಏರಿ, ನೆಲದೊಡನೆಯೇ ಇಳಿಯುತ್ತವೆ. ಗಳಿಸಿದ ಎತ್ತರವನ್ನು ಕಳೆದುಕೊಂಡು ಮತ್ತೆ ಏರುವುದೇ ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವುದಕ್ಕಿಂತ ಅಗ್ಗವಂತೆ. ಎವರೆಸ್ಟಿನ ನೆತ್ತಿಯ ಮೇಲೆ ಇವು ಹಾರುತ್ತವೆಂಬ ಮಾತು ಪರ್ವತಾರೋಹಿಗಳಲ್ಲಿ ಪ್ರಚಲಿತವಾಗಿತ್ತು. ಈ ಅಳತೆಗಳಲ್ಲಿ ಕಂಡ ಅತ್ಯುನ್ನತ ಎತ್ತರ 7,290 ಮೀಟರು. ಅಷ್ಟೂ ಸಾಲದೆ ರಕ್ತದಲ್ಲಿಯೇ ಒಂದು ಅನುಕೂಲವುಂಟು: ಇವುಗಳ ಹಿಮೋಗ್ಲೋಬಿನ್ ಬಯಲಿನ ಹೆಬ್ಬಾತುಗಳದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿಯುತ್ತದೆ.

ಬೆಳಿಗ್ಗೆಯಿಂದ ಗುಡ್ಡ ಏರಿ ಇಳಿದು ಸೋತಿದ್ದ ಹುಡುಗರು, ನೆಲದೊಡನೆ ಏರಿಳಿಯುವ ಮಾತು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ಸೂರ್ಯ ಮುಳುಗಿ ಐದು ನಿಮಿಷವಾಗಿರಲಿಲ್ಲ. ಮೊದಲು ಒಂದೆರಡು ಕೂಗು, ಆಮೇಲೆ ಇಡೀ ದಡವೇ ಗಲಗಲವೆಂದಿತು. ಹಿಂಡು ಎದ್ದು, ನೀರಿನ ಮೇಲೆ ಒಂದು ಸುತ್ತು ಬಂದು, ನಮ್ಮ ತಲೆಯ ಮೇಲಿನಿಂದ ಹೊಲಗಳ ಕಡೆಗೆ ಹಾರಿತು. ಹಗಲು ನೀರಿನಂಚಿನಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಮೇವು. ಇದು ಅವುಗಳ ಚಳಿಗಾಲದ ವೇಳಾಪಟ್ಟಿ. ಇದನ್ನು ಮಾರ್ಗದರ್ಶಿಗಳು ಇಷ್ಟು ಖಚಿತವಾಗಿ ಹೇಗೆ ಬಲ್ಲರೆಂಬುದು ನನಗೆ ಆಗ ತಿಳಿಯಿತು. ಅವರು ಹಕ್ಕಿ ಹೋದ ದಿಕ್ಕನ್ನೇ ನೋಡುತ್ತ ರುಮಾಲು ಬಿಗಿದುಕೊಳ್ಳುತ್ತಿದ್ದರು.

"ನಂದು ಎರಡೆಕರೆ ಕಡ್ಲಿ ಅದ ಅಲ್ಲಿ" ಎಂದರು. "ಅವು ನಿಮಗ ಅತಿಥಿ, ಸರ. ಊಟಕ್ಕ ಮಾತ್ರ ನಮ್ಮ ಹೊಲಕ್ಕ ಬರ್ತಾವ."

ಇಡೀ ದಿನ ನಮ್ಮೊಡನೆ ನಡೆದವರು ರಾತ್ರಿಯೆಲ್ಲ ಹೊಲ ಕಾಯಬೇಕಿತ್ತು. ನಾನು ಕುದಿಬಿಂದು ಅಳೆಯುತ್ತಿದ್ದಾಗ ಅವರು ನೆರಳು ಅಳೆಯುತ್ತಿದ್ದುದು ನಮಗೆ ಹಕ್ಕಿ ತೋರಿಸುವ ಆತುರದಿಂದ ಮಾತ್ರವೇ ಆಗಿರಲಿಲ್ಲ. ಎಷ್ಟು ಹೇಳಿದರೂ ಅವರು ಹಣ ಮುಟ್ಟಲಿಲ್ಲ. ನನ್ನ ಬಳಿಯಿದ್ದ ಬ್ಯಾಟರಿಯ ದೀಪವನ್ನು ಮಾತ್ರ ಒಂದು ರಾತ್ರಿಯ ಮಟ್ಟಿಗೆ ಕೇಳಿ ಪಡೆದರು. ಚಿತ್ರ ತಂದಿದ್ದ ಹುಡುಗನೂ ಇನ್ನೊಬ್ಬನೂ ಅವರ ಜೊತೆ ಹೊಲಕ್ಕೆ ಹೋಗುತ್ತೇವೆಂದು ನಿಂತರು. ಮನೆಗೆ ತಿಳಿಸಿ ಹೋಗಲಿ ಎಂದೆ.

ಉಳಿದವರು ರಸ್ತೆಗೆ ಬಂದು ಬಸ್ಸಿಗೆ ಕಾದೆವು. ಹೊಲಗಳ ಕಡೆಯಿಂದ ಖಾಲಿ ಡಬ್ಬಿ ಬಡಿಯುವ ಸದ್ದು ಕೇಳಿಬರುತ್ತಿತ್ತು. ಪ್ರತಿ ಸದ್ದಿಗೂ ಕತ್ತಲಲ್ಲಿ ಹೆಬ್ಬಾತುಗಳ ಕೂಗು ಒಂದಿಷ್ಟು ಎದ್ದು, ಪಕ್ಕದ ಹೊಲದ ಮೇಲೆ ಮತ್ತೆ ಇಳಿಯುತ್ತಿತ್ತು.